ಕಂಬಿ ತಟ್ಟಿ ಸ್ಕೋರು ಹೇಳುವವರು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಆಸ್ಪತ್ರೆಯ ಮೂರನೇ ಮಹಡಿಯ ಉದ್ದನೆಯ ವಾರ್ಡಿನಲ್ಲಿ ಒಂದೇ ಒಂದು ಟ್ಯೂಬ್‌ಲೈಟ್ ಉರಿಯುತ್ತಿದೆ. ಆಕ್ಸಿಜನ್ ಸಿಲಿಂಡರ್ ಇಟ್ಟ ಕೈಗಾಡಿಯನ್ನು ತಳ್ಳಿಕೊಂಡು ಬರುವ ಮನುಷ್ಯನ ಹೆಜ್ಜೆ ಕೇಳಿಸುವುದಿಲ್ಲ. ಗಾಡಿಯ ಚಕ್ರ ಕಿರ್‍ರೆನ್ನುವುದು ಮಾತ್ರ ಕೇಳುತ್ತದೆ. ಒಂದೊಂದು ಮಂಚದ ಕಾಲ್ದೆಸೆಯಲ್ಲೂ ಅವರು ನಿಲ್ಲುತ್ತಾರೆ. ಬೆರಳ ಗೆಣ್ಣಿನಿಂದ ಮಂಚದ ಕಬ್ಬಿಣದ ಕಂಬಿಯನ್ನು ಎರಡು ಸಲ ತಟ್ಟುತ್ತಾರೆ. ಟಣ್, ಟಣ್. ಮಾತು ಆಮೇಲೆ.

"ಏನಾಯ್ತು ನಿನ್ನೆ?" ಹೊದಿಕೆಯೊಳಗಿಂದ ಒಂದು ದನಿ.

"ಸೋತ್ವಿ. ಎರಡು ಸೊನ್ನೆ."

"ಮತ್ತೆ ಸೋತ್ವಾ? ನಿಮ್ಮ ಬಾಯಲ್ಲಿ ಒಂದು ಒಳ್ಳೇ ಸುದ್ದಿ ಬರಲ್ವಾ?"

"ಆಡೋರ ಕಾಲಲ್ಲಿ ಬಂದ್ರೆ ನನ್ನ ಬಾಯಲ್ಲೂ ಬರುತ್ತೆ. ಮಗ್ಗುಲಾಗಿ, ಬೆನ್ನು ಒರೆಸ್ತೀನಿ."

ಖಾಲಿ ಮಂಚ ಸಿಕ್ಕರೂ ಅವರು ತಟ್ಟದೆ ಮುಂದೆ ಹೋಗುವುದಿಲ್ಲ. ತಟ್ಟಿ, ಒಂದು ಗಳಿಗೆ ನಿಂತು ಕಿವಿಗೊಟ್ಟು, ಆಮೇಲೆ ಗಾಡಿ ತಳ್ಳುತ್ತಾರೆ. ಯಾಕೆ ಎಂದರೆ "ಅಭ್ಯಾಸ" ಎನ್ನುತ್ತಾರೆ. ಏನು ಕೇಳಿಸಿಕೊಳ್ಳುತ್ತೀರಿ ಎಂದರೆ ಗಾಡಿಯನ್ನು ಮುಂದಿನ ಮಂಚದ ಕಡೆ ತಿರುಗಿಸುತ್ತಾರೆ.

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ಹನ್ನೊಂದು ಎಂದು. ಕೆಲಸ ವಾರ್ಡ್ ಬಾಯ್. "ತಲೆ ಬೆಳ್ಳಗಾದ್ರೂ ನಾನಿನ್ನೂ ಬಾಯೇ. ಮೊಮ್ಮಗ ಹುಟ್ಟಿದ ದಿನಾನೂ ಬಾಯ್ ಅಂತಾನೇ ಕೂಗಿದ್ರು" ಎಂದು ನಗುತ್ತಾರೆ. ಸಿಲಿಂಡರ್ ಬದಲಾಯಿಸುವುದು, ಏಳಲಾಗದವರ ಮಗ್ಗುಲು ತಿರುಗಿಸುವುದು, ಮೈ ಒರೆಸುವುದು, ಸ್ಟ್ರೆಚರ್ ತಳ್ಳುವುದು, ಕೊನೆಗೆ ಬಿಳಿ ಬಟ್ಟೆ ಸುತ್ತಿ ಕೆಳಗಿಳಿಸುವುದು, ಎಲ್ಲವೂ ಅವರ ಪಾಲಿಗೇ. ದಿನಕ್ಕೆ ಇಪ್ಪತ್ತು ಮೂವತ್ತು ಸಿಲಿಂಡರ್ ಎತ್ತಿ ಇಳಿಸಿ ಸೊಂಟ ಒಂದು ಕಡೆಗೆ ವಾಲಿದೆ. ಹೆಂಡತಿ ಇದೇ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾರೆ. "ನಾನು ಕೊಳೆ ಮಾಡಿ ಕಳಿಸ್ತೀನಿ, ಅವಳು ತೊಳೆದು ಕಳಿಸ್ತಾಳೆ. ಮನೇಲೂ ಅದೇ" ಎನ್ನುವುದು ಅವರ ಹಳೆಯ ಮಾತು.

ಆಸ್ಪತ್ರೆಯ ಬೆನ್ನಿಗೆ ಫುಟ್‌ಬಾಲ್ ಗ್ರೌಂಡು. ಅದರ ದಕ್ಷಿಣದ ಸಿಮೆಂಟು ಮೆಟ್ಟಿಲಿನಲ್ಲಿ ಅವರು ಚಿಕ್ಕಂದಿನಿಂದ ಕೂತವರು. ಅಲ್ಲಿ ಕುರ್ಚಿಯಿಲ್ಲ, ನಂಬರಿಲ್ಲ. ಆದರೂ ಯಾರ ಜಾಗ ಯಾವುದು ಎಂದು ಎಲ್ಲರಿಗೂ ಗೊತ್ತು. ಅಪ್ಪ ಕೂತ ಕಡೆ ಮಗ ಕೂರುತ್ತಾನೆ, ಬೇರೆಯವರು ಕೂತರೆ ಎಬ್ಬಿಸುತ್ತಾರೆ. ನಮ್ಮೂರ ತಂಡಕ್ಕೆ ಕಾರ್ನರ್ ಕಿಕ್ ಸಿಕ್ಕಿತೆಂದರೆ ಇಡೀ ಮೆಟ್ಟಿಲಿನ ಜನ ಮುಂದಿನ ಕಬ್ಬಿಣದ ಕಂಬಿಯನ್ನು ಎರಡೆರಡು ಸಲ ತಟ್ಟುವುದು ಅಲ್ಲಿನ ರೂಢಿ.

ಹನ್ನೊಂದು ಎಂಬ ಹೆಸರು ಸಾಂಕ್ರಾಮಿಕ ರೋಗದ ಕಾಲದ್ದು. ಆಗ ವಾರ್ಡಿನೊಳಗೆ ಹೋಗುವವರಿಗೆಲ್ಲ ತಲೆಯಿಂದ ಕಾಲಿನವರೆಗೆ ಒಂದೇ ಥರದ ಬಿಳಿ ಸೂಟು. ಮುಖವಿಲ್ಲ, ದನಿಯೂ ಅರ್ಧ. ಮಲಗಿದವರಿಗೆ ಯಾರು ಬಂದರು, ಯಾರು ಹೋದರು ತಿಳಿಯುತ್ತಿರಲಿಲ್ಲ. "ದೆವ್ವ ಬಂದಂಗಾಗುತ್ತೆ ಕಣಪ್ಪ" ಎಂದು ಒಬ್ಬ ಅಜ್ಜಿ ಅತ್ತುಬಿಟ್ಟರು. ಅಂದಿನಿಂದ ಇವರು ಬೆನ್ನ ಮೇಲೆ ದೊಡ್ಡದಾಗಿ 11 ಬರೆಸಿಕೊಳ್ಳತೊಡಗಿದರು. ಎಡಗಾಲಲ್ಲಿ ಹೊಡೆಯುವ ತಮ್ಮ ಮೆಚ್ಚಿನ ಆಟಗಾರನ ಸಂಖ್ಯೆ ಅದು. ಸೂಟು ಒಂದು ಸಲ ತೊಟ್ಟರೆ ಸುಡುವುದೇ, ಆದ್ದರಿಂದ ದಿನವೂ ಹೊಸದಾಗಿ ಬರೆಯಬೇಕು. ತನ್ನ ಬೆನ್ನಿಗೆ ತಾನೇ ಬರೆದುಕೊಳ್ಳಲಾಗದು. ವಾರ್ಡಿನ ಸಿಸ್ಟರ್ ದಪ್ಪ ಮಾರ್ಕರಿನಲ್ಲಿ ಬರೆದುಕೊಡುತ್ತಿದ್ದರು. ಮುಖ ಕಾಣದವರು ಬಂದರೆಂದು ಮಲಗಿದವರು ಬೆಚ್ಚದಿರಲಿ ಎಂದು ಕಂಬಿ ತಟ್ಟಿ ಮಾತಾಡುವುದೂ ಆಗಲೇ ಶುರುವಾಯಿತು.

ವಾರ್ಡಿನ ಮೂಲೆಯಲ್ಲಿ ಒಂದು ಟಿವಿ ಇತ್ತು, ದನಿ ಕೆಟ್ಟಿದ್ದು. ಅದರಲ್ಲಿ ಒಂದು ದಿನ ದೇಶದ ತಂಡ ಎಲ್ಲೋ ಪರದೇಶದಲ್ಲಿ ಆಡುತ್ತಿತ್ತು. ಹಸಿರು ಬಯಲು, ಓಡುವ ಇಪ್ಪತ್ತೆರಡು ಜನ, ಸುತ್ತ ಸಾವಿರ ಸಾವಿರ ಖಾಲಿ ಕುರ್ಚಿ. ಗೋಲಾಯಿತು. ಯಾರೂ ಏಳಲಿಲ್ಲ, ಏಳಲು ಯಾರೂ ಇರಲಿಲ್ಲ. ಮಲಗಿದ್ದ ಒಬ್ಬರು ಮಾಸ್ಕು ಸರಿಸಿ ಕೇಳಿದರು: "ಜನ ಎಲ್ಲಾ ಎಲ್ಲಿ ಹೋದ್ರು? ಹೊರಗಡೆ ಯಾರೂ ಉಳಿದೇ ಇಲ್ವಾ?"

"ಆ ಟಿವಿ ಹಚ್ಚಿದ್ದು ನಾನೇ" ಎನ್ನುತ್ತಾರೆ ಹನ್ನೊಂದು. "ಆಟ ನೋಡಿ ಧೈರ್ಯ ಬರ್ಲಿ ಅಂತ ಹಾಕಿದ್ದು. ನೋಡಿದ್ರೆ ಎಲ್ಲರ ಮುಖಾನೂ ಬಿಳಚ್ಕೊಂಡಿತ್ತು. ಆರಿಸ್ಬಿಟ್ಟೆ."

ಅದೇ ಸಂಜೆ ಕಿಟಕಿಯ ಹೊರಗೆ ಬೆಳಕು ಹತ್ತಿತು. ರೋಗದಿಂದಾಗಿ ಊರಿನ ಲೀಗು ಪಂದ್ಯಾವಳಿ ನಿಂತುಹೋಗಿತ್ತು. ಗ್ರೌಂಡಿನ ದೀಪಗಳು ಹಾಳಾಗದಿರಲೆಂದು ಅಲ್ಲಿನ ಕಾವಲುಗಾರ ಆಗೀಗ ಅವನ್ನು ಉರಿಸಿ ಆರಿಸುತ್ತಿದ್ದ, ಅಷ್ಟೇ. ಮಲಗಿದವರಿಗೆ ಕಾಣುತ್ತಿದ್ದುದು ದೀಪದ ಕಂಬದ ತುದಿ ಮತ್ತು ಚಾವಣಿಯ ಮೇಲೆ ಬಿದ್ದ ಬಿಳಿ ಬೆಳಕು. ಮೂರನೇ ಮಂಚದಲ್ಲಿದ್ದ ದರ್ಜಿ, ತಂಡದ ಬಾವುಟಗಳನ್ನು ಹೊಲಿಯುತ್ತಿದ್ದವರು, ಕಣ್ಣರಳಿಸಿ ಕೇಳಿದರು: "ಇವತ್ತು ಮ್ಯಾಚಾ?"

"ಹೂಂ" ಎಂದರು ಇವರು. ಬಾಯಿ ಜಾರಿತೋ, ಮನಸ್ಸು ಜಾರಿತೋ, ಅವರಿಗೂ ಗೊತ್ತಿಲ್ಲ.

"ಜನ ಇದಾರಾ?"

"ಕಾಲಿಡೋಕೆ ಜಾಗ ಇಲ್ಲ. ನಿಮ್ಮ ಜಾಗ ಮಾತ್ರ ಖಾಲಿ ಇದೆ. ಯಾರನ್ನೂ ಕೂರೋಕೆ ಬಿಟ್ಟಿಲ್ಲ."

ಒಂದು ಸುಳ್ಳಿಗೆ ಹತ್ತು ಸುಳ್ಳು ಕಾವಲು ಎನ್ನುತ್ತಾರಲ್ಲ, ಹಾಗಾಯಿತು. ಸಂಜೆ ದೀಪ ಹತ್ತಿದರೆ ಮಾರನೆಯ ಬೆಳಗ್ಗೆ ಇವರು ಆಟ ಹೇಳಲೇಬೇಕು. ಮಂಚದಿಂದ ಮಂಚಕ್ಕೆ ಗಾಡಿ ತಳ್ಳುತ್ತ ಹೇಳುತ್ತಿದ್ದರು. ಗೋಲಾದರೆ ಕೂಗುವಷ್ಟು ಉಸಿರು ಯಾರಲ್ಲೂ ಇಲ್ಲ. ಬೋರಲು ಮಲಗಿದವರು ಒಂದು ಬೆರಳೆತ್ತುತ್ತಿದ್ದರು. "ಇಡೀ ವಾರ್ಡು ಸದ್ದಿಲ್ದೆ ಬೆರಳೆತ್ತೋದು. ಆ ನಿಶ್ಶಬ್ದ ಇದೆಯಲ್ಲ, ಹತ್ತು ಸಾವಿರ ಜನ ಕೂಗಿದ್ರೂ ನನಗೆ ಅಷ್ಟು ಭಯ ಆಗ್ತಿರ್ಲಿಲ್ಲ" ಎನ್ನುವಾಗ ಅವರು ಈಗಲೂ ತಮ್ಮ ತೋಳು ಉಜ್ಜಿಕೊಳ್ಳುತ್ತಾರೆ.

ಕೊನೆಗೆ ಒಬ್ಬೊಬ್ಬರಿಗೂ ಅವರವರ ಜಾಗದ ಸುದ್ದಿ. ನೀರಿನ ಟ್ಯಾಂಕಿ ಪಕ್ಕ ನಿಮ್ಮದು, ಖಾಲಿ ಇದೆ. ಗೇಟಿನ ಹತ್ತಿರ ನಿಮ್ಮದು, ಖಾಲಿ ಇದೆ. ಆಟ ಹೇಳಿದ್ದು ಮರೆತರೂ ಈ ಮಾತನ್ನು ಕೇಳದೆ ಯಾರೂ ಅವರನ್ನು ಬಿಡುತ್ತಿರಲಿಲ್ಲ.

ಹೀಗೆ ಗೆದ್ದು ಗೆದ್ದು ನಮ್ಮ ತಂಡ ಫೈನಲ್ಲಿಗೆ ಬಂತು. ಆ ಬೆಳಗ್ಗೆ ಇವರು ಮೊದಲಾರ್ಧ ಹೇಳಿ ಮುಗಿಸಿದ್ದರು, ಒಂದು ಒಂದು ಸಮ. ಅಷ್ಟರಲ್ಲಿ ಸಿಲಿಂಡರಿನ ಲಾರಿ ಬಂತು. "ಉಳಿದಿದ್ದು ಆಮೇಲೆ" ಎಂದು ಇಳಿದು ಹೋದವರು ಮತ್ತೆ ಮೇಲೆ ಬರಲಿಲ್ಲ. ಲಾರಿಯ ಪಕ್ಕದಲ್ಲೇ ಕುಸಿದರು. ಜ್ವರ ನೋಡಿ, ಊರಾಚೆ ಶಾಲೆಯೊಂದರಲ್ಲಿ ರೋಗಿಗಳನ್ನು ಇಟ್ಟಿದ್ದ ಕಡೆಗೆ ಸಾಗಿಸಿದರು. ಎರಡನೇ ಅರ್ಧವನ್ನು ಅವರು ಹೇಳಲಿಲ್ಲ. ಮನಸ್ಸಿನಲ್ಲಿ ಕಟ್ಟಿಕೊಂಡೂ ಇರಲಿಲ್ಲ.

ಅವರು ವಾಸಿಯಾಗಿ, ಕೆಲಸಕ್ಕೆ ಮರಳಿ ಕೆಲವು ತಿಂಗಳ ಮೇಲೆ ಆಸ್ಪತ್ರೆಯ ಗೇಟಿನ ಬಳಿ ಒಬ್ಬ ಹೆಂಗಸು ಅಡ್ಡ ನಿಂತರು. ದರ್ಜಿಯ ಹೆಂಡತಿ. ದರ್ಜಿ ಉಳಿದಿರಲಿಲ್ಲ.

"ನೀವೇನಾ ಹನ್ನೊಂದು?"

"ಹೌದಕ್ಕ."

"ನಮ್ಮೆಜಮಾನ್ರಿಗೆ ಯಾಕೆ ಹಾಗಂದ್ರಿ?"

ಏನೆಂದು ಇವರಿಗೆ ತಿಳಿಯಲಿಲ್ಲ. ಆಕೆ ಹೇಳಿದರು. ಲಾರಿ ಬಂದ ಮಾರನೆಯ ಬೆಳಗ್ಗೆ ದರ್ಜಿ ಮನೆಗೆ ಫೋನು ಮಾಡಿದ್ದರು. ಉಸಿರು ಕಟ್ಟುತ್ತಿದ್ದರೂ ದನಿಯಲ್ಲಿ ನಗುವಿತ್ತು. "ಗೆದ್ವಿ ಕಣೇ! ಎರಡು ಒಂದು, ಕೊನೇ ಗಳಿಗೇಲಿ, ಎಡಗಾಲಲ್ಲಿ. ಈಗ ತಾನೇ ಹನ್ನೊಂದು ಬಂದು ಹೇಳಿದ. ಇಷ್ಟು ದಿನ ನನ್ನ ಜಾಗ ಖಾಲಿ ಇದೆ ಅಂತಿದ್ದ. ಇವತ್ತು, ನಾನೇ ಅಲ್ಲಿ ಕೂತಿದ್ದನ್ನ ನೋಡಿದ್ನಂತೆ. ನಾನು ನನ್ನ ನೀಲಿ ಅಂಗಿ ಹಾಕ್ಕೊಂಡಿದ್ನಂತೆ."

"ಆ ನೀಲಿ ಅಂಗಿ ನನ್ನ ಕಣ್ಣೆದುರೇ ಗೂಟದಲ್ಲಿ ನೇತಾಡ್ತಿತ್ತು" ಎಂದರು ಆಕೆ. "ಫೋನ್ ಇಟ್ಟ ಸ್ವಲ್ಪ ಹೊತ್ತಿಗೇ ಹೋಗ್ಬಿಟ್ರು. ಲೀಗು ನಿಂತಿದೆ ಅಂತ ನನಗೂ ಗೊತ್ತಿತ್ತು, ಅವರ ಖುಷಿ ಯಾಕೆ ಕೆಡಿಸ್ಲಿ ಅಂತ ಸುಮ್ಮನಿದ್ದೆ. ಅದಕ್ಕಲ್ಲ ನಾನು ಬಂದಿದ್ದು. ನೀವು ಅವರ ಹತ್ರ ಇದ್ರಾ? ಅಥವಾ ಯಾರೂ ಇಲ್ದೆ, ಜ್ವರದಲ್ಲಿ ಅವರೇ ಏನೇನೋ ಅಂದ್ಕೊಂಡ್ರಾ? ಒಬ್ರೇ ಇದ್ರಾ ಅನ್ನೋದು ಗೊತ್ತಾಗ್ಬೇಕು ನನಗೆ."

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಅಷ್ಟು ಗೋಲು ಹುಟ್ಟಿಸಿದ ಬಾಯಿಗೆ ಒಂದು ಹೂಂ ಭಾರವಲ್ಲ. ಆದರೆ ಇವರು ಹೂಂ ಎನ್ನಲಿಲ್ಲ. "ನಾನಲ್ಲ ಅಕ್ಕ. ಅವತ್ತು ನಾನೇ ಶಾಲೇಲಿ ಬಿದ್ದಿದ್ದೆ."

"ಗೋಲಿಗೆ ಗೋಲು ಸುಳ್ಳು ಹೇಳ್ದೋರಿಗೆ ಇದೊಂದು ಸುಳ್ಳು ಹೇಳೋಕಾಗ್ಲಿಲ್ವಾ?" ಎಂದು ಆಕೆ ಹೊರಟೇ ಹೋದರು.

ಆ ಮಾತು ಇವರನ್ನು ಕೂರಗೊಡಲಿಲ್ಲ. ಮೊದಲು ಸಿಸ್ಟರನ್ನು ಕೇಳಿದರು. ಆ ದಿನ ಯಾರ ಬೆನ್ನಿಗೂ 11 ಬರೆದಿಲ್ಲ ಎಂದರು ಸಿಸ್ಟರ್. ಹೆಣ ಇಳಿಸಲೂ ಆಳಿಲ್ಲದ ಬೆಳಗು ಅದು. ಆಟ ಹೇಳುತ್ತ ನಿಲ್ಲಲು ಯಾರಿಗೆ ಪುರಸೊತ್ತು? ಆಮೇಲೆ, ದರ್ಜಿಯ ಪಕ್ಕದ ಮಂಚದಲ್ಲಿದ್ದು ಬದುಕಿ ಬಂದ ಬಸ್ ಕಂಡಕ್ಟರ್ ಮನೆಗೆ ಹೋದರು.

"ಏನೋ ಇದು, ನೀನೇ ಬಂದು ಹೇಳಿ, ಈಗ ನನ್ನೇ ಕೇಳ್ತೀಯಾ?" ಎಂದು ಕಂಡಕ್ಟರ್ ಬೈದರು. ಬಿಳಿ ಸೂಟು, ಬೆನ್ನಲ್ಲಿ ಹನ್ನೊಂದು, ಕಂಬಿಗೆ ಎರಡು ಪೆಟ್ಟು. ಇನ್ನೇನು ಗುರುತು ಬೇಕು? ನಿಜ ತಿಳಿದ ಮೇಲೆ ಅವರು ಟೀ ಲೋಟ ಕೆಳಗಿಟ್ಟು ಚಪ್ಪಲಿ ಮೆಟ್ಟಿದರು.

ಇಬ್ಬರೂ ಸೇರಿ ದರ್ಜಿಯ ಮನೆಗೆ ಹೋದರು. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ನೀಲಿ ಅಂಗಿ ಗೂಟದಲ್ಲೇ ಇತ್ತು. ಕಂಡಕ್ಟರ್ ಕಂಡದ್ದನ್ನು ಕಂಡ ಹಾಗೆ ಹೇಳಿದರು.

"ನನಗೆ, ನಿನ್ನ ಜಾಗ ಖಾಲಿ ಇದೆ ಅಂದ. ನಿಮ್ಮ ಯಜಮಾನ್ರಿಗೆ, ನೀನು ಕೂತಿದ್ದೆ ಅಂದ. ಕಿಟಕಿ ಪಕ್ಕದ ಮಂಚದವರೂ ಕೂತಿದ್ರು, ಕಂಬಿ ತಟ್ತಿದ್ರು ಅಂದ. ಅವರು ಹಿಂದಿನ ಸಂಜೆನೇ ತೀರ್ಕೊಂಡಿದ್ರು ಅಂತ ನಮಗ್ಯಾರಿಗೂ ಗೊತ್ತಿರ್ಲಿಲ್ಲ. ಸುಳ್ಳು ಯಾಕೆ, ನನಗೆ ಹೊಟ್ಟೆಕಿಚ್ಚಾಯ್ತು. ಅವರಿಗೆಲ್ಲ ಜಾಗ ಸಿಕ್ತು, ನನಗೆ ಮಾತ್ರ ಇಲ್ವಾ ಅಂತ."

"ಅವರ ಹತ್ರ ಎಷ್ಟು ಹೊತ್ತಿದ್ದ?" ಆಕೆ ಕೇಳಿದ್ದು ಅದೊಂದನ್ನೇ.

"ಅವರ ಹತ್ರಾನೇ ಇದ್ದ ತಾಯಿ. ಫೋನ್ ಇಟ್ಟ ಮೇಲೂ ಕೈ ಹಿಡ್ಕೊಂಡು ನಿಂತಿದ್ದ. ಕೈಗೆ ಗ್ಲೌಸ್ ಇರ್ಲಿಲ್ಲ, ಬರಿಗೈ. ಅದು ನನಗೆ ಚೆನ್ನಾಗಿ ನೆನಪಿದೆ. ಆ ವಾರ್ಡಲ್ಲಿ ಬರಿಗೈ ನೋಡಿ ಎಷ್ಟು ದಿನ ಆಗಿತ್ತು! ಆಮೇಲೆ ನನ್ನ ಕಣ್ಣು ಮುಚ್ಕೊಳ್ತು. ತೆರೆದಾಗ ಇಬ್ರೂ ಇರ್ಲಿಲ್ಲ."

ಆಕೆ ಎದ್ದು ಗೂಟದ ಅಂಗಿಯನ್ನು ತೆಗೆದು, ಮಡಿಸಿ, ಮಡಿಲಲ್ಲಿಟ್ಟುಕೊಂಡರು. "ಯಾರಾದ್ರೂ ಆಗ್ಲಿ. ಒಬ್ರೇ ಇರ್ಲಿಲ್ಲ" ಎಂದರು. ಆಮೇಲೆ ಇವರ ಕಡೆ ತಿರುಗಿ, "ಅವತ್ತು ಹೂಂ ಅನ್ನದೇ ಇದ್ದಿದ್ದು ಒಳ್ಳೇದಾಯ್ತು ಅಣ್ಣ. ಹೂಂ ಅಂದಿದ್ರೆ ಇದನ್ನ ನಾನು ನಂಬ್ತಿರ್ಲಿಲ್ಲ."

ಈಗ ಗ್ರೌಂಡಿನಲ್ಲಿ ಆಟವಿದ್ದ ದಿನ ದರ್ಜಿಯ ಜಾಗದಲ್ಲಿ ಆಕೆ ಕೂರುತ್ತಾರೆ. ಒಂದು ಮೆಟ್ಟಿಲು ಕೆಳಗೆ ಹನ್ನೊಂದು, ಪಕ್ಕದಲ್ಲಿ ಕಂಡಕ್ಟರ್. ಆಕೆಗೆ ಆಫ್‌ಸೈಡ್ ನಿಯಮ ಇಂದಿಗೂ ಅರ್ಥವಾಗಿಲ್ಲ. ರೆಫರಿಯನ್ನು ಬೈಯುವುದು ಮಾತ್ರ ಇಬ್ಬರಿಗಿಂತ ಚೆನ್ನಾಗಿ ಬರುತ್ತದೆ. ಕಾರ್ನರ್ ಸಿಕ್ಕಾಗ ಮೂವರೂ ಕಂಬಿ ತಟ್ಟುತ್ತಾರೆ. ಎಲ್ಲರೂ ನಿಲ್ಲಿಸಿದ ಮೇಲೆ, ಮೆಟ್ಟಿಲಿನ ಆಚೆಯ ಖಾಲಿ ತುದಿಯಿಂದ ಇನ್ನೆರಡು ಪೆಟ್ಟು ಕೇಳುತ್ತದೆ ಎಂದು ಕಂಡಕ್ಟರ್ ಹೇಳುತ್ತಾರೆ. ಹನ್ನೊಂದು ಹೌದೆನ್ನುವುದಿಲ್ಲ, ಅಲ್ಲವೆನ್ನುವುದೂ ಇಲ್ಲ. ಆ ಕಡೆ ತಿರುಗಿ ನೋಡುವುದೂ ಇಲ್ಲ.

"ಲೋ ಸುಳ್ಳಪ್ಪ," ಕಂಡಕ್ಟರ್ ಛೇಡಿಸುತ್ತಾರೆ, "ನೀನು ಆಡಿಸೋವಾಗ ಒಂದು ಮ್ಯಾಚೂ ಸೋಲ್ಲಿಲ್ಲ. ನಮ್ಮ ಹುಡುಗ್ರು ನಿಜವಾಗಿ ಆಡೋಕೆ ಶುರು ಮಾಡಿದ್ರು, ಒಂದೂ ಗೆದ್ದಿಲ್ಲ. ನೀನೇ ಕೋಚ್ ಆಗ್ಬಿಡು."

ಹನ್ನೊಂದು ನಗುತ್ತಾರೆ. ಮೈದಾನದಾಚೆ, ಆಸ್ಪತ್ರೆಯ ಮೂರನೇ ಮಹಡಿಯ ಕಿಟಕಿ ಇಲ್ಲಿಂದ ಕಾಣುತ್ತದೆ. ಆ ಕಾಲದಲ್ಲಿ ದೀಪ ಹತ್ತಿದ ಸಂಜೆಗಳಲ್ಲಿ ಅವರು ಅಲ್ಲಿ ನಿಂತು ಈ ಕಡೆ ನೋಡುತ್ತಿದ್ದರಂತೆ. ಮೊಣಕಾಲೆತ್ತರ ಬೆಳೆದ ಹುಲ್ಲು, ಹಗಲಿನಂಥ ಬೆಳಕು, ಬಿಕೋ ಎನ್ನುವ ಮೆಟ್ಟಿಲು. ಒಬ್ಬೊಬ್ಬರ ಜಾಗವನ್ನೂ ಕಣ್ಣಲ್ಲೇ ಹುಡುಕಿ, ಗುರುತು ಮಾಡಿಕೊಂಡು ಒಳಗೆ ಹೋಗುತ್ತಿದ್ದರಂತೆ.

"ಗೋಲೆಲ್ಲ ಸುಳ್ಳು, ಒಪ್ಕೋತೀನಿ" ಎನ್ನುತ್ತಾರೆ ಅವರು, ಕಿಟಕಿಯಿಂದ ಕಣ್ಣು ತೆಗೆಯದೆ. "ಆದ್ರೆ ನಿಮ್ಮ ಜಾಗ ಖಾಲಿ ಇದೆ ಅಂತ ಹೇಳ್ತಿದ್ನಲ್ಲ, ಅದನ್ನ ಮಾತ್ರ ಒಂದು ದಿನಾನೂ ನೋಡ್ದೆ ಹೇಳಿಲ್ಲ."