ಖಣಿಯೊಳಗೆ ನಿಂತ ಸಾಕ್ಷಿ

ಅವ್ವನ ಮನೆಗೆ ಹಕ್ಕುಪತ್ರ ಬೇಕಿತ್ತು. ಚಿದ್ರಿಯ ಆಚೆ, ಕೆಂಪು ಕಲ್ಲಿನ ಖಣಿ ಮುಚ್ಚಿದ ಮೇಲೂ ಉಳಿದುಕೊಂಡ ಹದಿನೈದಿಪ್ಪತ್ತು ಮನೆಗಳಲ್ಲಿ ಅವಳದೂ ಒಂದು. ಖಣಿ ನಡೆಯುತ್ತಿದ್ದ ಕಾಲದಿಂದ ಇಲ್ಲೇ ಇದ್ದೀರಿ ಎನ್ನುವುದಕ್ಕೆ ಒಬ್ಬ ಸಾಕ್ಷಿಯನ್ನು ತೋರಿಸಿ, ಇಲ್ಲದಿದ್ದರೆ ಅರ್ಜಿ ವಜಾ ಎಂದಿದ್ದರು ಕಚೇರಿಯವರು. ನಾನು ಪಾಠ ಮಾಡುವ ಔರಾದಿನ ಶಾಲೆಗೆ ರಜೆ ಹಾಕಿ ಓಡಿಬಂದೆ.

"ಸಾಕ್ಷಿ ಖಣ್ಯಾಗ ನಿಂತದಲ್ಲ," ಎಂದಳು ಅವ್ವ, ರೊಟ್ಟಿ ಬಡಿಯುತ್ತಲೇ.

ಯಾರಪ್ಪಾ ಖಣಿಯಲ್ಲಿ ನಿಂತಿರುವವರು? ಹೋಗಿ ನೋಡಿದೆ. ತಗ್ಗಿನ ತುಂಬ ಜಾಲಿ, ನಡುವೆ ಎರಡಾಳೆತ್ತರದ ಒಂದು ಕಲ್ಲಿನ ಕಂಬ, ಅದರ ತಲೆಯ ಮೇಲೆ ಹುಲ್ಲು. ಒಂದು ನರಪಿಳ್ಳೆಯೂ ಇಲ್ಲ! ಚಿಕ್ಕವಳಿದ್ದಾಗ ಆ ಕಂಬವನ್ನು ದೇವರೆಂದುಕೊಂಡು ಪರೀಕ್ಷೆಯ ದಿನ ಕೈಮುಗಿಯುತ್ತಿದ್ದೆ. ಪಕ್ಕದ ಮನೆಯ ಗೆಳತಿ ಅದು ಯಾರದೋ ಗೋರಿ ಎನ್ನುತ್ತಿದ್ದಳು.

ತಲೆ ಕೆಟ್ಟುಹೋಯಿತು. ಅವ್ವನಿಗೆ ಅರಳುಮರಳೋ, ನನಗೇ ಕನ್ನಡ ಮರೆತುಹೋಯಿತೋ? ಅಪ್ಪನ ಜೊತೆ ಕಲ್ಲು ಕಡಿದಿದ್ದ ಪಕ್ಕದ ಮನೆಯ ಚಾಚಾನನ್ನು ಕರೆದುಕೊಂಡು, ಅವ್ವನನ್ನೂ ಹೊರಡಿಸಿ ಕಚೇರಿಗೆ ಹೋದೆ.

"ನೀವೇನ್ರಿ ಸಾಕ್ಷಿ?" ಎಂದು ಗುಮಾಸ್ತರು ಚಾಚಾನನ್ನು ಕೇಳಿದರು.

"ನಾ ಅಲ್ರಿ ಸಾಬ್! ನಾ ಬರೇ ಕಲ್ಲು ಕಡ್ಯಾಂವ. ಸಾಕ್ಷಿ ಖಣ್ಯಾಗ ಅದ."

ಹಾಳಾಗಿಹೋಗಲಿ! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಗುಮಾಸ್ತರು ಅರ್ಜಿ ಮಡಚಿ ಬದಿಗಿಟ್ಟರು. ಅವ್ವ ಮಾತ್ರ ಕುರ್ಚಿ ಬಿಟ್ಟು ಏಳಲಿಲ್ಲ.

"ಸಾಕ್ಷಿ ತೋರಸ್ರಿ ಅಂದವ್ರು ನೀವಽ. ಬಂದು ನೋಡ್ರಲ್ಲ," ಎಂದು ಪಟ್ಟು ಹಿಡಿದಳು. ಅವಳ ಕಾಟ ತಾಳಲಾರದೆ ಸಂಜೆ ಅವರು ಬಂದೇ ಬಂದರು.

"ಇದೊಂದನ್ನ ಯಾಕ ಕಡೀಲಾರ್ದ ಬಿಟ್ಟೀರಿ?" ಎಂದು ಕಂಬದ ಬುಡದಲ್ಲಿ ನಿಂತು ಕೇಳಿದರು.

"ಇದಕ್ಕಽ ಸಾಕ್ಷಿ ಅಂತಾರ್ರಿ," ಎಂದಳು ಅವ್ವ. "ಇದರ ತಲಿ ಇದ್ದಷ್ಟು ಎತ್ತರಕ್ಕ ಮೊದಲ ನೆಲ ಇತ್ತು. ಎಷ್ಟು ಆಳ ಕಡ್ದೀವಿ ಅಂತ ಯಾರರ ಕೇಳಿದ್ರ ತೋರಸ್ಲಾಕ ಬಿಡ್ತಿದ್ವಿ."

ಗುಮಾಸ್ತರು ಕತ್ತೆತ್ತಿ ಕಂಬದ ತುದಿ ನೋಡಿದರು, ಆಮೇಲೆ ಸುತ್ತಲಿನ ತಗ್ಗು. ಅಲ್ಲೇ ಅರ್ಜಿ ಬಿಚ್ಚಿ, ಸಾಕ್ಷಿ ಎಂದಿದ್ದ ಕಡೆ ಜೊತೆಗೆ ಬಂದಿದ್ದ ಚಾಚಾನ ಹೆಬ್ಬೆಟ್ಟು ಒತ್ತಿಸಿಕೊಂಡರು.

ನನಗೆ ಖುಷಿಯಾಗಬೇಕಿತ್ತು, ಸಿಟ್ಟು ಬಂತು. ಯಾರ ಮೇಲೆಂದು ಗೊತ್ತಾಗದೆ ದಾರಿಯಲ್ಲಿ ಅವ್ವನ ಮೇಲೆಯೇ ರೇಗಿದೆ. "ಇಷ್ಟು ವರ್ಷ ನನಗ್ಯಾಕ ಹೇಳಲಿಲ್ಲ?"

"ನೀ ಯಾವಾಗ ಕೇಳೀದಿ?" ಎಂದಳು.