ಬೀಳದ ಹೂವು

ನಮ್ಮೂರ ದೇವಸ್ಥಾನದ ಭಟ್ಟರು ದೇವರ ಎರಡೂ ಭುಜಕ್ಕೆ ಒದ್ದೆ ಹೂವು ಅಂಟಿಸಿ ಪ್ರಸಾದ ಕೇಳುತ್ತಿದ್ದರು. ಬಲದ್ದು ಮೊದಲು ಬಿದ್ದರೆ ಒಳ್ಳೆಯದು, ಎಡದ್ದು ಬಿದ್ದರೆ ಕೆಟ್ಟದ್ದು. ತಡವಾದರೆ, "ತಡಿ, ಅವಂಗೆ ಗೊತ್ತಿದ್ದು" ಎನ್ನುವರು. ಬಲದ ಹೂವಿಗೆ ನೀರು ಕಡಿಮೆ ಹಚ್ಚುತ್ತಾರೆಂದು ನನಗೆ ಗುಮಾನಿ.

ಸಿದ್ದಾಪುರದ ಡಾಕ್ಟರ ಸೂಜಿಗೂ ಭಟ್ಟರ ಮಗಳ ಜ್ವರ ಇಳಿಯದಿದ್ದಾಗ, ಬದುಕುತ್ತಾಳೋ ಎಂದು ಕೇಳಲು ತಾವೇ ಕುಳಿತರು. ನೀರಿನ ಕಳ್ಳಾಟ ಹಿಡಿಯಲೆಂದೇ ನಾನು ಹೋದೆ. ಮಧ್ಯಾಹ್ನವಾದರೂ ಒಂದು ಹೂವೂ ಬೀಳಲಿಲ್ಲ.

"ಬಲದ್ದಕ್ಕೆ ಚೂರು ಕೈ ತಾಗ್ಸಿ ಭಟ್ರೇ, ನಿಂಗಕ್ಕೆ ರೂಢಿ ಇದ್ದಲಾ" ಎಂದೆ.

ಅವರು ಸಿಟ್ಟಾಗಲಿಲ್ಲ. "ಅವ ಎಂತದೂ ಹೇಳಿದ್ನಿಲ್ಲೆ ಮಾರಾಯ್ತಿ. ಆನು ಅವಂಗೇ ಬಿಟ್ಟಿದ್ದಿ" ಎಂದು ಅಡ್ಡಬಿದ್ದು, ಬಾಗಿಲು ಹಾಕಿ, ಮಗಳ ಹಣೆಗೆ ತಣ್ಣೀರು ಬಟ್ಟೆ ಹಾಕಲು ಮನೆಗೆ ನಡೆದರು. ತಿರುಗಿ ನೋಡಲಿಲ್ಲ.

ನಾನು ಮಾತ್ರ ಕದದ ಸಂದಿಗೆ ಕಣ್ಣಿಟ್ಟು, ಬಲದ್ದೇ ಬೀಳಲಿ ಎಂದುಕೊಂಡು, ಹೊತ್ತು ಮುಳುಗುವವರೆಗೆ ನಿಂತಿದ್ದೆ.