ರೊಸಾರಿಯೊ ಮನೆಗೆ ಹೋದ ಗೆರೆ

ಶಾಝಿಯಾ ನಕ್ಷೆ ಬರೆಯಲು ಕೂತರೆ ಪೆನ್ಸಿಲ್‌ಗಿಂತ ಮೊದಲು ರಬ್ಬರ್ ಹುಡುಕುತ್ತಾಳೆ ಎಂದು ಅವಳ ಗಂಡ ರಾಝಿಕ್ ತಮಾಷೆ ಮಾಡುತ್ತಿದ್ದ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಮಣಿಪಾಲದ ಸಣ್ಣ ಕಂಪೆನಿಯೊಂದರಲ್ಲಿ ಅವಳ ಕೆಲಸವೇ ಅದು: ಕಚೇರಿಗಳ ಕಂಪ್ಯೂಟರ್ ಜಾಲದ ನಕ್ಷೆ ತಯಾರಿಸುವುದು. ಯಾವ ಪೆಟ್ಟಿಗೆಯಿಂದ ಹೊರಟ ತಂತಿ ಎಲ್ಲಿಗೆ ಹೋಗಿ ಸೇರುತ್ತದೆ ಎನ್ನುವುದು ಮೊದಲ ಸಲ ನೋಡಿದವರಿಗೂ ತಿಳಿಯಬೇಕು. ಗೆರೆಗಳು ಒಂದನ್ನೊಂದು ದಾಟಬಾರದು. ಪ್ರತಿ ಗೆರೆಯ ಎರಡೂ ತುದಿಗೆ ಹೆಸರಿರಬೇಕು. ಹೆಸರಿಲ್ಲದ ಗೆರೆಗೆ ಕಾಗದದಲ್ಲಿ ಜಾಗವಿಲ್ಲ. ಕಾರ್ಕಳದ ಸೊಸೈಟಿಯೊಂದಕ್ಕೆ ಅವಳು ಮಾಡಿಕೊಟ್ಟ ನಕ್ಷೆಯನ್ನು ಅಲ್ಲಿನವರು ಕಟ್ಟು ಹಾಕಿಸಿ ಗೋಡೆಗೆ ತೂಗಿದ್ದಾರೆ.

ಕಾಪುವಿನ ಅವಳ ಮನೆಯಲ್ಲಿ ಮಾತ್ರ ಒಂದೂ ನಕ್ಷೆ ಇರಲಿಲ್ಲ. ತಂದೆ ಹಸೈನಾರ್ ಊರಿಗೆ ಮೊದಲು ಟಿವಿ ಕೇಬಲ್, ಆಮೇಲೆ ಇಂಟರ್‌ನೆಟ್ ಎಳೆದವರು. ಸಮುದ್ರದ ಬದಿಯ ಓಣಿಗಳಿಂದ ಪಡುಬಿದ್ರಿ ರಸ್ತೆಯವರೆಗೆ ಕಂಬದಿಂದ ಮರಕ್ಕೆ, ಮರದಿಂದ ಮನೆಯ ಮಾಡಿಗೆ ಅವರ ತಂತಿಗಳು ಹಬ್ಬಿದ್ದವು. ಮಗಳು ಕಾಗದ ಹಿಡಿದು ಬಂದಾಗಲೆಲ್ಲ ಅವರದು ಒಂದೇ ಉತ್ತರ: "ನಕ್ಷೆ ಎಂತಕ್ಕೆ? ನಾನಿದ್ದೇನಲ್ಲ."

ಶಾರ್ಜಾದ ಅಂಗಡಿ ಕೆಲಸ ಬಿಟ್ಟು ಬಂದ ರಾಝಿಕ್ ಮಾವನ ಕೈಕೆಳಗೆ ಈ ಕೆಲಸ ಕಲಿತ. ಅವನು ಏಣಿಯ ಮೇಲೆ, ಹಸೈನಾರ್ ಮನೆಯ ಚಾವಡಿಯಲ್ಲಿ, ನಡುವೆ ಫೋನು. "ಎಡಗಡೆಯ ಕಪ್ಪು ವಯರ್ ಉಂಟಲ್ಲ, ಅದನ್ನು ಮುಟ್ಟಬೇಡ. ಮುಟ್ಟಬೇಡ ಅಂದೆ, ಕಿವಿ ಶಾರ್ಜಾದಲ್ಲಿ ಬಿಟ್ಟು ಬಂದಿದ್ದೀಯಾ?"

ಬೇಸಿಗೆಯ ಆರಂಭದಲ್ಲಿ, ಬೆಳಗಿನ ನಮಾಝಿಗೆ ಏಳುವಾಗ ಲಕ್ವ ಹೊಡೆದು ಹಸೈನಾರರ ಬಲಭಾಗ ಬಿದ್ದುಹೋಯಿತು. ಮಣಿಪಾಲದ ಆಸ್ಪತ್ರೆಯಿಂದ ಮನೆಗೆ ಬರುವಾಗ ಬುದ್ಧಿ ಉಳಿದಿತ್ತು, ಮಾತು ಉಳಿದಿರಲಿಲ್ಲ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಹೇಳಲು ಆಗುತ್ತಿರಲಿಲ್ಲ.

ರಾಝಿಕ್ ಹೆಂಡತಿಯ ಮುಂದೆ ಕೂತ. "ಮಳೆ ಹಿಡಿದರೆ ಮರದ ಗೆಲ್ಲು ಬೀಳ್ತದೆ, ಲೈನ್ ತುಂಡಾಗ್ತದೆ. ಕಣ್ಣು ಕಟ್ಟಿಕೊಂಡು ಏಣಿ ಹತ್ತಲಿಕ್ಕೆ ನನಗೆ ಆಗುವುದಿಲ್ಲ. ಊರಿಗೆಲ್ಲ ನಕ್ಷೆ ಮಾಡಿಕೊಡ್ತೀರಿ, ಗಂಡನಿಗೊಂದು ಮಾಡಿಕೊಡಿ ಮೇಡಂ."

"ಗಂಡನಿಗೆ ಡಿಸ್ಕೌಂಟ್ ಇಲ್ಲ."

"ಬೇಡ. ತಪ್ಪಿಲ್ಲದ್ದು ಕೊಟ್ಟರೆ ಸಾಕು."

ಕಂಬ, ಮನೆಗಳನ್ನು ಗುರುತಿಸಿದ ದೊಡ್ಡ ಕಾಗದವನ್ನು ಊಟದ ಮೇಜಿನ ಮೇಲೆ ಹರಡಿ, ಕಂಪೆನಿಯಿಂದ ಬಂದ ಮೇಲೆ ದಿನವೂ ಶಾಝಿಯಾ ತಂದೆಯ ಜೊತೆ ಕೂತಳು. ಅವಳು ಓಣಿಯ ಹೆಸರು ಹೇಳುವುದು, ಅವರು ಎಡಗೈ ಬೆರಳನ್ನು ಕಂಬದ ಮೇಲೆ, ಮನೆಯ ಮೇಲೆ ಇಡುವುದು, ಅವಳು ಗೆರೆ ಎಳೆಯುವುದು. ಸಿಗ್ನಲನ್ನು ಮುಂದಕ್ಕೆ ದಾಟಿಸುವ ಕಂಬದ ಪೆಟ್ಟಿಗೆಗಳಿಗೆ ಕರೆಂಟು ಬೇಕು. ಅದನ್ನು ಹತ್ತಿರದ ಒಂದು ಮನೆಯಿಂದ ತೆಗೆದುಕೊಳ್ಳುವುದು, ಆ ಮನೆಯಿಂದ ಕೇಬಲ್ ಬಿಲ್ ಕೇಳದಿರುವುದು ಹಸೈನಾರರು ನಡೆಸಿಕೊಂಡು ಬಂದ ಕ್ರಮ. ಬಾಯಿಮಾತಿನ ಒಪ್ಪಂದ. ಕರೆಂಟ್ ಕೊಡುವ ಮನೆಯ ಪಕ್ಕ ಶಾಝಿಯಾ ಸಣ್ಣ ಮಿಂಚಿನ ಗುರುತು ಹಾಕಿದಳು. ಒಂದು ಪೆಟ್ಟಿಗೆಗೆ ಒಂದು ಮನೆ.

ಕುಶಲಾ ಎಂಬವರ ಮನೆಯೆದುರಿನ ಪೆಟ್ಟಿಗೆ ಬಂದಾಗ ಮಿಂಚಿನ ಗುರುತು ಕುಶಲಾ ಮನೆಗೆ ಬಿತ್ತು. ಹಸೈನಾರ್ ಮಗಳ ಕೈಯಿಂದ ಪೆನ್ಸಿಲ್ ತೆಗೆದುಕೊಂಡರು. ಪೆಟ್ಟಿಗೆಯಿಂದ ಆಚೆ ಬದಿಯ ರೊಸಾರಿಯೊ ಮನೆಗೆ ಒಂದು ಸೊಟ್ಟ ಗೆರೆ ಎಳೆದರು.

"ಅಲ್ಲ ಉಪ್ಪ. ರೊಸಾರಿಯೊ ಅಂಕಲ್ ನಮ್ಮ ಕನೆಕ್ಷನ್ ಬಿಟ್ಟು ಎಷ್ಟು ಸಮಯ ಆಯಿತು. ಅವರದು ಈಗ ಬೇರೆ ಕಂಪೆನಿ, ಅಲ್ವಾ?"

ಅವರು ಹೌದೆಂದು ತಲೆ ಆಡಿಸಿದರು. ಅವಳು ಗೆರೆ ಅಳಿಸಿದಳು. ಅವರು ಮತ್ತೆ ಎಳೆದರು. ಮತ್ತೆ ಅಳಿಸಿದಳು. ಮೂರನೆಯ ಸಲ ಒತ್ತಿ ಎಳೆದದ್ದಕ್ಕೆ ಕಾಗದ ಹರಿಯಿತು. ಹಸೈನಾರರ ಕಣ್ಣಲ್ಲಿ ನೀರು ಬಂತು.

"ಬಿಡು ಮಗಳೇ, ಅವರಿಗೆ ಆಯಾಸ ಆಗಿದೆ," ಎಂದರು ತಾಯಿ ಜುಬೈದಾ.

ಈ ಕಾಯಿಲೆಯವರಿಗೆ ಅಳು ಬೇಗ ಬರುತ್ತದೆ ಎಂದು ಆಸ್ಪತ್ರೆಯಲ್ಲಿ ಮೊದಲೇ ಹೇಳಿದ್ದರು. ಶಾಝಿಯಾ ಹೊಸ ಕಾಗದ ತೆಗೆದುಕೊಂಡಳು. ಕಂಪ್ಯೂಟರಿನಲ್ಲಿ ತಿದ್ದಿ ಅಚ್ಚು ಹಾಕಿಸಿದ ನಕ್ಷೆಯಲ್ಲಿ ಆ ಗೆರೆ ಇರಲಿಲ್ಲ.

ನಕ್ಷೆ ಚೆನ್ನಾಗಿತ್ತು. ಮಳೆ ಹಿಡಿದ ಮೇಲೆ ರಾಝಿಕ್ ಅದನ್ನು ಪ್ಲಾಸ್ಟಿಕ್ ಹೊದಿಕೆಯಲ್ಲಿ ಹಾಕಿ ಸ್ಕೂಟರಿನಲ್ಲಿ ಇಟ್ಟುಕೊಂಡ. ಅರ್ಧ ದಿನ ಹುಡುಕಬೇಕಾದ ದೋಷ ಒಂದೆರಡು ಕಂಬದೊಳಗೆ ಸಿಗತೊಡಗಿತು. "ನಿನ್ನ ನಕ್ಷೆ ಮಾವನಿಗಿಂತ ಒಳ್ಳೇದುಂಟು," ಎಂದ ಹೆಂಡತಿಗೆ. "ಬಯ್ಯುವುದಿಲ್ಲ."

ಜುಲೈಯ ಒಂದು ಮಧ್ಯಾಹ್ನ, ಸಮುದ್ರದಿಂದ ಗಾಳಿ ಬೀಸಿ ನಿಂತ ಮೇಲೆ, ಕುಶಲಾ ಅವರ ಓಣಿಯಲ್ಲಿ ಇಂಟರ್‌ನೆಟ್ಟೂ ಟಿವಿಯೂ ಹೋದವು. ರಾಝಿಕ್ ಬಂದು ಕಬ್ಬಿಣದ ಏಣಿ ಒರಗಿಸಿದ.

"ಕುಶಲಕ್ಕ, ನಿಮ್ಮ ಮೈನ್ ಆಫ್ ಮಾಡಿ."

"ಮಾಡಿದೆ ಮಾರಾಯ. ಧಾರಾವಾಹಿಗೆ ಮೊದಲು ಸರಿ ಆಗ್ತದಾ?"

"ಒಂದು ದಿನ ನೋಡದಿದ್ದರೆ ಆ ಅತ್ತೆ ಸೊಸೆ ಎಲ್ಲಿಗೂ ಓಡಿಹೋಗುವುದಿಲ್ಲ."

ಪೆಟ್ಟಿಗೆಯ ದೀಪ ಆರಿದ್ದನ್ನು ಅವನು ನೋಡಿದ. ನಕ್ಷೆಯ ಪ್ರಕಾರ ಅಲ್ಲಿಗೆ ಬೇರೆ ಕರೆಂಟು ಇರಲಿಲ್ಲ. ಒದ್ದೆಯಾದ ಪೆಟ್ಟಿಗೆಯ ಹಿಂದೆ ಕೈ ಹಾಕಿದ. ಕುಶಲಾ ಒಳಗೆ ತಿರುಗಿದ್ದರು. ಏಣಿ ಬಿದ್ದ ಸದ್ದಿಗೆ ಹೊರಗೆ ಓಡಿ ಬಂದರು. ಉಡುಪಿಯ ಆಸ್ಪತ್ರೆಗೆ ಒಯ್ಯುವ ದಾರಿಯಲ್ಲೇ ರಾಝಿಕ್ ತೀರಿಹೋಗಿದ್ದ.

ಪೆಟ್ಟಿಗೆಯ ಹಿಂದೆ ಇದ್ದದ್ದು ಇನ್ನೊಂದು ಕರೆಂಟ್ ವಯರು. ಹಿಂದೊಮ್ಮೆ ಓಣಿಯ ಈ ಬದಿಯ ಮನೆಗಳಿಗೆ ಪದೇ ಪದೇ ಕರೆಂಟು ಹೋಗುತ್ತಿದ್ದ ಕಾಲದಲ್ಲಿ, ಕೇಬಲ್ ನಿಲ್ಲಬಾರದೆಂದು ಹಸೈನಾರ್ ಆಚೆ ಬದಿಯ ರೊಸಾರಿಯೊ ಮನೆಯಿಂದಲೂ ಒಂದು ವಯರು ತಂದಿದ್ದರು. ಮುಂದೆ ಅದರ ಅಗತ್ಯ ಬೀಳಲಿಲ್ಲ. ಪೆಟ್ಟಿಗೆಯ ಕಡೆಯ ತುದಿಗೆ ಟೇಪು ಸುತ್ತಿ ಬಿಟ್ಟಿದ್ದರು. ಉಪ್ಪು ಗಾಳಿಗೆ ಟೇಪು ಉದುರಿತ್ತು. ಇನ್ನೊಂದು ತುದಿ ರೊಸಾರಿಯೊ ಮನೆಯ ಹಳೆಯ ಕಪಾಟಿನ ಹಿಂದೆ, ಪ್ಲಗ್ಗಿನಲ್ಲಿ ಹಾಗೆಯೇ ಇತ್ತು.

"ತೆಗೆಯಬೇಡಿ ಪೊರ್ಬುಗಳೇ, ಬೇಕಾಗ್ತದೆ ಅಂತ ಹಸೈನಾರ್ ಬ್ಯಾರಿಗಳು ನನಗೆ ಹೇಳಿದ್ದರು," ಎಂದರು ರೊಸಾರಿಯೊ, ಸಾವಿನ ಮನೆಗೆ ಬಂದು ಬಾಗಿಲಲ್ಲೇ ನಿಂತು. "ಮತ್ತೆ ಅವರೂ ಕೇಳಲಿಲ್ಲ, ನಾನೂ ನೋಡಲಿಲ್ಲ."

ಒಳಗಿನ ಕೋಣೆಯಲ್ಲಿದ್ದ ಶಾಝಿಯಾಗೆ ಅದು ಕೇಳಿಸಿತು. ಯಾವ ಗೆರೆ ಎಂದು ಅವಳಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಗಂಡ ತೀರಿಕೊಂಡ ಹೆಂಗಸು ನಾಲ್ಕು ತಿಂಗಳು ಹತ್ತು ದಿನ ಮನೆಯಿಂದ ಹೊರಗೆ ಹೋಗುವುದಿಲ್ಲ. ಇದ್ದತ್ತಿನ ಆ ದಿನಗಳಲ್ಲಿ ಅವಳು ಮತ್ತೆ ಊಟದ ಮೇಜಿನ ಮೇಲೆ ಕಾಗದ ಹರಡಿದ್ದಾಳೆ. ಪಡುಬಿದ್ರಿ ಕಡೆಯ ಕೇಬಲಿನವನೊಬ್ಬ ಲೈನ್ ನೋಡಿಕೊಳ್ಳುತ್ತೇನೆ, ನಕ್ಷೆ ಕೊಡಿ ಎಂದು ಎರಡು ಸಲ ಬಂದು ಹೋದ. ಅವಳು ಕೊಟ್ಟಿಲ್ಲ, ಏಣಿ ಹತ್ತಲೂ ಬಿಟ್ಟಿಲ್ಲ. ಕೆಟ್ಟ ಲೈನುಗಳು ಕೆಟ್ಟೇ ಇವೆ. ಗಿರಾಕಿಗಳು ಒಬ್ಬೊಬ್ಬರಾಗಿ ಬಿಡುತ್ತಿದ್ದಾರೆ. ಅವಳು ಮಾತ್ರ ಹಳೆಯ ಗಿರಾಕಿಗಳನ್ನೂ ಬಿಡದೆ ಪ್ರತಿ ಮನೆಗೆ ಫೋನ್ ಮಾಡುತ್ತಾಳೆ: ನಮ್ಮ ವಯರ್ ಯಾವುದಾದರೂ ನಿಮ್ಮ ಪ್ಲಗ್ಗಿನಲ್ಲಿ ಉಂಟಾ, ನೋಡಿ ಹೇಳಿ.

ಹೆಚ್ಚಿನವರು ಇಲ್ಲ ಎನ್ನುತ್ತಾರೆ. ನೋಡಿ ಹೇಳಿದರೋ ನೋಡದೆ ಹೇಳಿದರೋ ತಿಳಿಯುವುದಿಲ್ಲ. ತಿಳಿದವರು ಎದುರಿಗೇ ಕೂತಿದ್ದಾರೆ. ಅವಳು ತಂದೆಯ ಎಡಗೈಯಲ್ಲಿ ಪೆನ್ಸಿಲ್ ಇಡುತ್ತಾಳೆ. "ಇಂಥದ್ದು ಇನ್ನೆಲ್ಲಿ ಉಂಟು ಉಪ್ಪ? ಈ ಸಲ ಅಳಿಸುವುದಿಲ್ಲ." ಹಸೈನಾರ್ ಬೆರಳು ಮಡಚುವುದಿಲ್ಲ. ಪೆನ್ಸಿಲ್ ಉರುಳಿ ಮೇಜಿನ ಅಂಚಿಗೆ ಹೋಗುತ್ತದೆ. ರಾಝಿಕ್ ಹೋದ ದಿನದಿಂದ ಅವರು ಒಂದು ಗೆರೆಯನ್ನೂ ಎಳೆದಿಲ್ಲ.

ಕಳೆದ ವಾರ ಬೀಚ್ ರಸ್ತೆಯ ಮನೆಯೊಂದರಿಂದ ಫಿಯೋನಾ ಎಂಬವರು ತಾವೇ ತಿರುಗಿ ಫೋನ್ ಮಾಡಿದರು. "ನೀವು ಕೇಳಿದ್ದಿರಲ್ಲ. ಫ್ರಿಜ್ ಸರಿಸಿದಾಗ ಕಂಡಿತು. ಹಳೇ ಕಪ್ಪು ವಯರ್, ಕಿಟಕಿಯಿಂದ ಹೊರಗೆ ಹೋಗಿದೆ. ಎಲ್ಲಿಗೆ ಅಂತ ಗೊತ್ತಿಲ್ಲ. ಹಿಡಿದು ಎಳೆಯಲಾ?"

"ಮುಟ್ಟಬೇಡಿ," ಎಂದಳು ಶಾಝಿಯಾ. "ಗೋಡೆಯ ಸ್ವಿಚ್ ಆಫ್ ಮಾಡಿ, ಹಾಗೆಯೇ ಬಿಡಿ."

ಫಿಯೋನಾ ಮನೆಯಿಂದ ಒಂದು ಕೆಂಪು ಗೆರೆ ಎಳೆದಳು. ಅದನ್ನು ಯಾವ ಪೆಟ್ಟಿಗೆಗೆ ಸೇರಿಸಬೇಕೆಂದು ತಿಳಿಯದೆ ಕಾಗದದ ನಡುವೆ ನಿಲ್ಲಿಸಿದಳು. ಒಂದು ತುದಿಗೆ ಹೆಸರಿಲ್ಲದ ಆ ಗೆರೆಯನ್ನು ಅವಳು ಅಳಿಸಿಲ್ಲ.